ರಿವರ್ಬ್‌ಗೆ 'ಮಾರ್ದನಿ' ಸಾಕೇ? ಬಿರುಸಿನ ಮೀಟಿಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಗಿಟಾರ್ ವಾದಕ ಡಿಕ್ ಡೇಲ್ ಮತ್ತು ಅವರ ಡೆಲ್-ಟೋನ್ಸ್ ತಂಡದ 'ಸರ್ಫರ್ಸ್ ಚಾಯ್ಸ್' ಆಲ್ಬಮ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. 1962ರ ಕೊನೆಗೆ ಬಂದ ಇದನ್ನು ಸರ್ಫ್ ರಾಕ್‌ನ (ಕಡಲ ಅಲೆಗಳ ಮೇಲೆ ಹಲಗೆಯಲ್ಲಿ ಜಾರುವ ಸರ್ಫಿಂಗ್ ಆಟದ ಸುತ್ತ ಬೆಳೆದ ರಾಕ್ ಸಂಗೀತ) ತೀರಾ ಮೊದಲ ಆಲ್ಬಮ್‌ಗಳ ಸಾಲಿಗೆ ಸೇರಿಸುತ್ತಾರೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ರಿವರ್ಬ್. ಮಾರ್ದನಿ, ಪ್ರತಿಧ್ವನಿ ಎರಡೂ ನಮ್ಮ ಬಾಯಲ್ಲಿ ಎಕೋನೇ. ಬೆಟ್ಟದ ಎದುರು ಕೂಗಿದರೆ ತುಸು ತಡೆದು ಮರಳಿ ಬರುವ ಕೂಗು ಅದು. ರಿವರ್ಬ್ ಹಾಗಲ್ಲ. ಕಲ್ಲಿನ ಮಂಟಪದಲ್ಲಿ ಹಾಡಿ ನೋಡಿ. ದನಿ ಬಿಡಿಯಾಗಿ ವಾಪಸ್ ಬರುವುದಿಲ್ಲ, ಹಾಡಿದ ಸ್ವರಕ್ಕೇ ಅಂಟಿಕೊಂಡು ಮೆಲ್ಲಗೆ ಕರಗುತ್ತದೆ. ಗಿಟಾರಿಗೆ ಇದನ್ನು ಪೆಟ್ಟಿಗೆಯೊಳಗಿನ ಸ್ಪ್ರಿಂಗ್‌ಗಳಿಂದ ತರಿಸುತ್ತಾರೆ. 'ಅನುರಣನ' ಅನ್ನಬಹುದು, ಆದರೆ ಪಾಠಪುಸ್ತಕದ ವಾಸನೆ ಜಾಸ್ತಿ. ನನಗೆ ತೋಚಿದ್ದು 'ತಂಗುದನಿ'. ತಂಗುದಾಣ ಅನ್ನುವುದಿಲ್ವಾ, ಹಾಗೆ.

ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಸರ್ಫ್ ಸಂಗೀತ ಅಂದರೆ ರಿವರ್ಬ್‌ನಲ್ಲಿ ತೊಯ್ದ ಗಿಟಾರ್ ಅಂತಲೇ ಹೆಸರು. ಆದರೆ ಈ ಆಲ್ಬಮ್‌ನ ಗಿಟಾರಿನಲ್ಲಿ ಸ್ಪ್ರಿಂಗ್ ರಿವರ್ಬ್ ಇಲ್ಲ! ರಿವರ್ಬ್ ಬೇಕೆನಿಸಿದ್ದು ಮೊದಲು ತಮ್ಮ ಹಾಡುವ ದನಿಗೆ, ಗಿಟಾರಿಗೆ ಅದು ಬಂದದ್ದು ಆಮೇಲೆ ಎಂದು ಡೇಲ್ ಹೇಳುತ್ತಿದ್ದರು. ಕ್ಯಾಲಿಫೋರ್ನಿಯಾದ ಬಲ್ಬೋವಾದಲ್ಲಿದ್ದ ರಾಂದೇವೂ ಬಾಲ್‌ರೂಮ್‌ನಲ್ಲಿ ಸರ್ಫಿಂಗ್ ಹುಡುಗ ಹುಡುಗಿಯರು ಕಾಲು ಬಡಿದು ಕುಣಿಯುತ್ತಿದ್ದರು. ಆಲ್ಬಮ್‌ನ ಹೆಚ್ಚಿನ ಭಾಗ ಅಲ್ಲೇ, ಜನರ ಎದುರೇ ರೆಕಾರ್ಡ್ ಆದದ್ದು. ಹೊರತಂದದ್ದು ಡೇಲ್ ಅವರ ತಂದೆ ನಡೆಸುತ್ತಿದ್ದ ಡೆಲ್ಟೋನ್ ಲೇಬಲ್. ಆಮೇಲೆ ಕ್ಯಾಪಿಟಲ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು, 1963ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ 59ನೇ ಜಾಗದವರೆಗೂ ಏರಿತು.

ಹಾಗಾದರೆ ಅಲೆಯ ಅಬ್ಬರ ಬಂದದ್ದು ಎಲ್ಲಿಂದ? ಕೈಯಿಂದ. ಇದೇ ನನ್ನ ಎರಡನೆಯ ಪ್ರಶ್ನೆ. ಡೇಲ್ ಎಡಗೈಯವರು. ತಂತಿಗಳ ಕ್ರಮ ಬದಲಿಸದೆ ಗಿಟಾರನ್ನು ತಿರುಗಿಸಿ ಹಿಡಿದು, ದಪ್ಪ ತಂತಿಗಳನ್ನು ಮೇಲೆ ಕೆಳಗೆ ಬಿಡುವಿಲ್ಲದೆ ಮೀಟುತ್ತಿದ್ದರು. ಆ ಜೋರಿಗೆ ಆಂಪ್ಲಿಫೈಯರ್‌ಗಳೇ ತಾಳುತ್ತಿರಲಿಲ್ಲ. ಅವರಿಗಾಗಿ ಗಿಟಾರ್, ಆಂಪ್ಲಿಫೈಯರ್ ತಯಾರಕ ಲಿಯೋ ಫೆಂಡರ್ ಹೆಚ್ಚು ಶಕ್ತಿಯವನ್ನು ಮಾಡಿಕೊಡಬೇಕಾಯಿತು. ಡೇಲ್ ಅವರ ತಂದೆಯ ಕಡೆಯವರು ಲೆಬನಾನ್ ಮೂಲದವರು. ಮನೆಯಲ್ಲಿ ಕೇಳಿದ ಅರಬ್ ಸಂಗೀತದ ಗುರುತು ಈ ಮೀಟಿನಲ್ಲಿದೆ. ಆಲ್ಬಮ್‌ನಲ್ಲಿರುವ 'ಮಿಸಿರ್ಲೂ' ಪೂರ್ವ ಮೆಡಿಟರೇನಿಯನ್ ಕಡೆಯ ಹಳೆಯ ಧಾಟಿ. ಅದರ ಸ್ವರಗಳು ನಮ್ಮ ಮಾಯಾಮಾಳವಗೌಳ ರಾಗದವೇ! ಸರಳೆ ವರಸೆ ಕಲಿತವರು ಕೇಳಿದ ಕೂಡಲೇ ಗುರುತು ಹಿಡಿಯುತ್ತೀರಿ.

ಈ ಬಗೆಯ ನುಡಿಸಾಣಿಕೆಗೆ ಬರಿ 'ಮೀಟು' ಅಂದರೆ ಒಂದೇ ಹೊಡೆತ ಅನ್ನಿಸುತ್ತದೆ. 'ಎಡೆಬಿಡದ ಮೀಟು' ವಿವರಣೆಯಾಯಿತು, ಹೆಸರಾಗಲಿಲ್ಲ. ಸಿತಾರ್‌ನವರು ಎರಡು ದಿಕ್ಕಿನ ಹೊಡೆತಕ್ಕೆ 'ದಾ', 'ರಾ' ಅನ್ನುತ್ತಾರೆ. ಧಾರವಾಡದ ಕಡೆ ಸಿತಾರ್ ಕಲಿತವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಇವೆರಡನ್ನೂ ಬಿರುಸಾಗಿ ಸೇರಿಸಿ ನುಡಿಸುವುದಕ್ಕೆ ಪಾಠದ ಹೊತ್ತಿನಲ್ಲಿ ಗುರುಗಳು ಕನ್ನಡದಲ್ಲಿ ಏನೆನ್ನುತ್ತಿದ್ದರು? ವೀಣೆ, ಮ್ಯಾಂಡೊಲಿನ್ ನುಡಿಸುವವರ ಮಾತೂ ಬೇಕು. 'ತಂಗುದನಿ' ಕಿವಿಗೆ ಒಗ್ಗದಿದ್ದರೆ ಅದನ್ನೂ ತಿಳಿಸಿ.