ಚೋರಾವ್ ಪಕ್ಷಿಧಾಮಕ್ಕೆ ಯಾವ ಹೊತ್ತಿಗೆ ಹೋಗಬೇಕು?

ವಾಸ್ಕೋ ವಾಸಿ:
ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಧಾರವಾಡದಿಂದ ಅಪ್ಪ, ಅವ್ವ ಬರುವವರಿದ್ದಾರೆ. ಅಪ್ಪನಿಗೆ 72 ವರ್ಷ. ಕಡಲತೀರದ ಗದ್ದಲ ಬೇಡ, ಹಕ್ಕಿ ತೋರಿಸು ಎನ್ನುತ್ತಾರೆ. ಹಾಗಾಗಿ ಒಂದು ಭಾನುವಾರ ಮಾಂಡೋವಿ ನದಿಯ ಚೋರಾವ್ ದ್ವೀಪದಲ್ಲಿರುವ ಸಲೀಂ ಅಲಿ ಪಕ್ಷಿಧಾಮಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಕಳೆದ ವರ್ಷ ನಾನೊಬ್ಬನೇ ಬೆಳಿಗ್ಗೆ ಆರೂವರೆಗೆ ಹೋಗಿ, ಎರಡು ಗಂಟೆ ಕಾದು, ಒಂದು ಮಿಂಚುಳ್ಳಿಯನ್ನೂ ಲೆಕ್ಕವಿಲ್ಲದಷ್ಟು ಸೊಳ್ಳೆಗಳನ್ನೂ ಕಂಡು ಹಿಂತಿರುಗಿದ್ದೆ. ನಾನು ತಪ್ಪಿದ್ದೆಲ್ಲಿ? ಮೊಸಳೆಗಳೂ ಅಲ್ಲಿಯೇ ಕಾಣಸಿಗುತ್ತವೆಯೇ?

ಕುಮಟೆಯವ, ಈಗ ಪಣಜಿ:
ನೀವು ಹೋದ ಹೊತ್ತಿಗೆ ಬಹುಶಃ ಉಬ್ಬರವಿತ್ತು. ಸಲೀಂ ಅಲಿಯವರು 1987ರಲ್ಲಿ ತೀರಿಕೊಂಡ ಮರುವರ್ಷ ಘೋಷಣೆಯಾದ ಈ ಧಾಮವು ದ್ವೀಪದ ಪಶ್ಚಿಮದ ತುದಿಯಲ್ಲಿ 178 ಹೆಕ್ಟೇರುಗಳಷ್ಟು ಹಬ್ಬಿರುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನಮ್ಮ ಅಘನಾಶಿನಿಯ ದಂಡೆಯಲ್ಲಿರುವಂಥದೇ. ನೀರು ಏರಿದಾಗ ಕೆಸರೆಲ್ಲ ಮುಳುಗಿ, ಉದ್ದ ಕೊಕ್ಕಿನ ಗೊರವಗಳಿಗೆ ಮೇವು ಸಿಗದೆ ಅವು ಎಲ್ಲೋ ಕುಳಿತು ಕಾಯುತ್ತವೆ. ನೀರು ಇಳಿಯುತ್ತಿದ್ದಂತೆ ಏಡಿಗಳೂ ಹುಳುಗಳೂ ಕೆಸರಿನ ಮೇಲೆ ಕುಪ್ಪಳಿಸುವ ಸಣ್ಣ ಮೀನುಗಳೂ ಹೊರಬಂದು, ಅವುಗಳ ಬೆನ್ನಿಗೇ ಹಕ್ಕಿಗಳು ಇಳಿಯುತ್ತವೆ. ಪೂರ್ತಿ ಇಳಿದ ಮೇಲೆ ಹೋದರೆ ಒಳಗಿನ ಕಿರುಕಾಲುವೆಗಳಲ್ಲಿ ದೋಣಿ ಕೆಸರಿಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ನೀರು ಇಳಿಯತೊಡಗಿ ಒಂದೆರಡು ಗಂಟೆಯಾದ ಹೊತ್ತನ್ನು ಹಿಡಿಯಿರಿ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ, ಈ ಭಾನುವಾರ ನೀರು ತುಂಬಿದ್ದ ಹೊತ್ತಿಗೆ ಮುಂದಿನ ಭಾನುವಾರ ಹೆಚ್ಚುಕಡಿಮೆ ಬತ್ತಿರುತ್ತದೆ. ಮುರಗಾಂವ್ ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿಕೊಂಡು, ಹಿಂದಿನ ದಿನವೇ ದೋಣಿಯವರೊಡನೆ ಮಾತನಾಡಿ, ರಾಯಬಂದರದ ಫೆರಿ ಹತ್ತಿ.

ಫೋಂಡಾದ ಗೃಹಿಣಿ:
ಮೊಸಳೆಗಾಗಿ ಹೋಗಬೇಕಾದದ್ದು ಮಾಂಡೋವಿ ಮತ್ತು ಜುವಾರಿ ನದಿಗಳನ್ನು ಕೂಡಿಸುವ ಕುಂಭಾರಜುವೆ ಕಾಲುವೆಗೆ. ಅಲ್ಲಿರುವವು ಸಿಹಿನೀರಿನ ಜಾತಿಯವು. ಆದರೂ ಸಮುದ್ರದ ಉಪ್ಪು ಬೆರೆಯುವ ಆ ನೀರಿನಲ್ಲಿ ತಲೆಮಾರುಗಳಿಂದ ಬಾಳಿವೆ. ಅವುಗಳಿಗೂ ಇಳಿತವೇ ಬೇಕು, ಜೊತೆಗೆ ಬಿಸಿಲೂ ಬೇಕು. ಚಳಿಗಾಲದಲ್ಲಿ ಹೊತ್ತೇರಿದ ಮೇಲೆ ದಂಡೆಯ ಕೆಸರಿನಲ್ಲಿ ಮೈ ಕಾಯಿಸಿಕೊಳ್ಳಲು ಮಲಗಿರುತ್ತವೆ, ಕೊರಡೆಂದೇ ಭ್ರಮೆಯಾಗುತ್ತದೆ. ನಮ್ಮ ಬೋರಿಯ ಕಡೆ, ಉಪ್ಪುನೀರಿಗೆ ಒಡ್ಡು ಕಟ್ಟಿ ಭತ್ತ ಬೆಳೆಯುವ ಖಾಜನ್ ಗದ್ದೆಯವರು ಪುಷ್ಯ ಮಾಸದ ಅಮಾವಾಸ್ಯೆಯಂದು ಮಣ್ಣಿನಲ್ಲಿ ಮೊಸಳೆಯನ್ನು ಮಾಡಿ ಪೂಜಿಸುತ್ತಾರೆ. ನಿಮ್ಮ ತಂದೆಯವರು ಆ ದಿನಗಳಲ್ಲಿ ಇಲ್ಲಿದ್ದರೆ ಅದನ್ನೂ ತೋರಿಸಿ. ಕೆಲವು ದೋಣಿಗಳು ಫೋಟೊಗಾಗಿ ದಂಡೆಗೆ ತೀರ ಒತ್ತಿಕೊಂಡು ನಿಲ್ಲುತ್ತವೆ. ಬಿಸಿಲಿಗೆ ಮಲಗಿದ ಪ್ರಾಣಿ ಹೆದರಿ ನೀರಿಗೆ ಬಿದ್ದರೆ ನಿಮಗೂ ಕಾಣುವುದಿಲ್ಲ, ಹಿಂದೆ ಬಂದವರಿಗೂ ಕಾಣುವುದಿಲ್ಲ. ಎರಡು ಜಾಗಗಳನ್ನೂ ಒಂದೇ ದಿನಕ್ಕೆ ಸೇರಿಸಬೇಡಿ.

ಮಡಗಾಂವ್‌ನಿಂದ:
ಮೇಲಿನವರ ಮಾತು ಸರಿಯೇ, ಆದರೆ ಹಿರಿಯರಿಗೆ ದೋಣಿ ಕಡ್ಡಾಯವೇನಲ್ಲ. ಫೆರಿ ಕಟ್ಟೆಯ ಸಮೀಪದಿಂದಲೇ ಕಾಂಡ್ಲಾದ ನಡುವೆ ಕಾಲುದಾರಿಯಿದೆ. ನೀರು ಇಳಿದಾಗ ಮರಗಳ ಉಸಿರುಬೇರುಗಳು ಕೆಸರಿನಿಂದ ಸೂಜಿಗಳಂತೆ ಎದ್ದು ನಿಂತದ್ದನ್ನು ಅಲ್ಲಿಂದಲೇ ನೋಡಬಹುದು. ತುಂಬುತೋಳಿನ ಅಂಗಿ ಮರೆಯಬೇಡಿ. ಈ ನೀರು ಖಾನಾಪುರ ತಾಲೂಕಿನ ದೇಗಾಂವ್ ಬಳಿ ಹುಟ್ಟಿದ ಮಹದಾಯಿಯದೇ ಎಂದು ತಂದೆಯವರಿಗೆ ಹೇಳಿ, ಧಾರವಾಡದವರಿಗೆ ಸಂತೋಷವಾದೀತು. ಅಲ್ಲಿಂದ ಮಾತು ನೀರು ಹಂಚಿಕೆಯ ಜಗಳಕ್ಕೆ ತಿರುಗಿದರೆ ಮಾತ್ರ ಹಕ್ಕಿಗಳು ಉಳಿಯಲಾರವು.

ವಾಸ್ಕೋ ವಾಸಿ:
ಎಲ್ಲರಿಗೂ ಧನ್ಯವಾದಗಳು. ಪಟ್ಟಿಯಲ್ಲಿ ಬೆಳಿಗ್ಗೆ ನೀರು ಇಳಿಯುವ ಭಾನುವಾರವನ್ನು ಹುಡುಕಿ, ಅದಕ್ಕೆ ತಕ್ಕಂತೆ ಅವರ ರೈಲಿನ ಟಿಕೆಟ್ ಮಾಡಿಸುತ್ತೇನೆ. ಅವ್ವನಿಗೆ ದೋಣಿಯೆಂದರೆ ಭಯ. ಅವರಿಗೆ ಕಾಲುದಾರಿ, ಅಪ್ಪನಿಗೆ ದೋಣಿ.