ಐಸಿಡಿ ಮೇಲೆ ಮ್ಯಾಗ್ನೆಟ್ ಇಟ್ಟವರು ಯಾರಾದರೂ ಇದ್ದೀರಾ?

ನಾನು ಸಣ್ಣ ಆಸ್ಪತ್ರೆಯೊಂದರ ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್. ಎದೆಯಲ್ಲಿ ಐಸಿಡಿ (ಹೃದಯದ ಲಯ ಅಪಾಯಕಾರಿಯಾಗಿ ಕೆಟ್ಟಾಗ ಶಾಕ್ ಕೊಟ್ಟು ಸರಿಪಡಿಸುವ, ಚರ್ಮದಡಿ ಕೂರಿಸುವ ಯಂತ್ರ) ಇರುವವರಿಗೆ ಅದು ಸುಮ್ನೆ ಸುಮ್ನೆ ಶಾಕ್ ಕೊಡುತ್ತಿದ್ದರೆ ಮ್ಯಾಗ್ನೆಟ್ ಇಟ್ಟು ನಿಲ್ಲಿಸಬಹುದು ಅಂತಾರೆ. ಹೊರಗಿನಿಂದಲೇ ಐಸಿಡಿಯ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಮರ್ ಯಂತ್ರ ನಮ್ಮಲ್ಲಿ ಇಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಎಮರ್ಜೆನ್ಸಿ ವೈದ್ಯೆ: ಮಾಡಿದ್ದೇನೆ. ಮೊದಲು ಮಾನಿಟರ್ ಹಾಕಿ. ಶಾಕ್ ಬೀಳುವಾಗ ಹೃದಯದ ಲಯ ಏನಿದೆ ಅಂತ ಕಣ್ಣಾರೆ ನೋಡಬೇಕು. ವಿಟಿ, ವಿಎಫ್ (ಹೃದಯದ ಕೆಳಕೋಣೆಗಳಿಂದ ಹುಟ್ಟುವ ಅಪಾಯದ ಲಯಗಳು) ಇದ್ದರೆ ಯಂತ್ರ ತನ್ನ ಕೆಲಸವನ್ನೇ ಮಾಡುತ್ತಿದೆ, ಅದನ್ನು ತಡೆಯಲು ಹೋಗಬೇಡಿ, ಲಯಕ್ಕೆ ಚಿಕಿತ್ಸೆ ಕೊಡಿ. ನಾನು ನೋಡಿದ ರೋಗಿಯದು ಲೀಡ್ (ಐಸಿಡಿಯಿಂದ ಹೃದಯಕ್ಕೆ ಹೋಗುವ ತಂತಿ) ಮುರಿದಿತ್ತು. ಮಾನಿಟರ್‌ನಲ್ಲಿ ಸೈನಸ್ ಲಯ, ಅಂದರೆ ಹೃದಯದ ಸಹಜ ಲಯ, ನೆಟ್ಟಗೆ ಓಡುತ್ತಿತ್ತು, ಪೂರ್ತಿ ಎಚ್ಚರವಿದ್ದ ಮನುಷ್ಯ ಮಾತ್ರ ಪ್ರತಿ ಶಾಕ್‌ಗೂ ಕಿರುಚಿ ಎಗರುತ್ತಿದ್ದರು. ಆ ಹೆದರಿಕೆ ನೋಡಲು ಆಗುವುದಿಲ್ಲ. ಡಿಫಿಬ್ (ಹೊರಗಿನಿಂದ ಶಾಕ್ ಕೊಡುವ ಯಂತ್ರ) ಪ್ಯಾಡ್‌ಗಳನ್ನು ಐಸಿಡಿಯಿಂದ ದೂರ, ಎದೆಗೊಂದು ಬೆನ್ನಿಗೊಂದು ಅಂಟಿಸಿದೆವು. ಆಮೇಲೆ ದುಂಡು ಮ್ಯಾಗ್ನೆಟ್ಟನ್ನು ಸರಿಯಾಗಿ ಐಸಿಡಿ ಮೇಲೆಯೇ ಇಟ್ಟು ಟೇಪ್ ಹಾಕಿದೆವು. ಶಾಕ್ ನಿಂತಿತು. ನಿಜವಾದ ವಿಎಫ್ ಬಂದರೆ ಮ್ಯಾಗ್ನೆಟ್ ಕಿತ್ತುಬಿಡಿ, ಸಾಮಾನ್ಯವಾಗಿ ಐಸಿಡಿ ಮತ್ತೆ ಕೆಲಸ ಶುರು ಮಾಡುತ್ತದೆ. ಅದನ್ನೇ ನಂಬಿ ಕೂರಬೇಡಿ, ಹೊರಗಿನ ಡಿಫಿಬ್ ಚಾರ್ಜ್ ಮಾಡಿ.

ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್: ಒಂದು ಗೊಂದಲ ಎಲ್ಲ ಕಡೆ ನೋಡುತ್ತೇನೆ. ಪೇಸ್‌ಮೇಕರ್ ಮೇಲೆ ಮ್ಯಾಗ್ನೆಟ್ ಇಟ್ಟರೆ ಅದು ಸಾಮಾನ್ಯವಾಗಿ ಹೃದಯದ ಬಡಿತ ಲೆಕ್ಕಿಸದೆ ಒಂದೇ ವೇಗದಲ್ಲಿ ಪೇಸ್ ಮಾಡುತ್ತದೆ, ಅಂದರೆ ವಿದ್ಯುತ್ ಮಿಡಿತ ಕೊಟ್ಟು ಹೃದಯ ಬಡಿಸುತ್ತದೆ. ಐಸಿಡಿಯಲ್ಲಿ ಸಾಮಾನ್ಯವಾಗಿ ಹಾಗಲ್ಲ: ಶಾಕ್ ಸೇರಿದಂತೆ ವೇಗದ ಲಯಕ್ಕೆ ಕೊಡುವ ಚಿಕಿತ್ಸೆ ಮಾತ್ರ ನಿಲ್ಲುತ್ತದೆ, ನಿಧಾನ ಬಡಿತಕ್ಕೆ ಕೊಡುವ ಪೇಸಿಂಗ್ ಇದ್ದ ಹಾಗೇ ಇರುತ್ತದೆ. ಅದಕ್ಕೇ ಯಾವ ಯಂತ್ರ ಅಂತ ತಿಳಿಸುವ, ರೋಗಿಯ ಪರ್ಸ್‌ನಲ್ಲಿರುವ ಡಿವೈಸ್ ಕಾರ್ಡ್ ಮೊದಲು ಕೇಳಿ. ಮ್ಯಾಗ್ನೆಟ್ ಇಟ್ಟಾಗ ಮೆಡ್‌ಟ್ರಾನಿಕ್ ಕಂಪನಿಯ ಐಸಿಡಿ ಸ್ವಲ್ಪ ಹೊತ್ತು ಒಂದೇ ಸಮ ಕೂಗುತ್ತದೆ. ಬಾಸ್ಟನ್ ಸೈಂಟಿಫಿಕ್ ಕಂಪನಿಯದು ಬೀಪ್ ಬೀಪ್ ಅನ್ನುತ್ತದೆ. ಬಯೋಟ್ರಾನಿಕ್ ಕಂಪನಿಯದು ಸದ್ದೇ ಮಾಡುವುದಿಲ್ಲ, ಹಾಗಾಗಿ ಸದ್ದಿಲ್ಲ ಅಂತ ಗಾಬರಿಯಾಗಬೇಡಿ. ಕೆಲವು ಐಸಿಡಿಗಳಲ್ಲಿ ಮ್ಯಾಗ್ನೆಟ್‌ಗೆ ಸ್ಪಂದಿಸದಂತೆ ಮೊದಲೇ ಸೆಟ್ ಮಾಡಿರಲೂಬಹುದು. ದಪ್ಪಗಿರುವವರಿಗೆ ಎರಡು ಮ್ಯಾಗ್ನೆಟ್ ಬೇಕಾಗಬಹುದು.

ರೋಗಿಯ ಮಗಳು: ನಾನು ಡಾಕ್ಟರ್ ಅಲ್ಲ. ಅಪ್ಪನಿಗೆ ಕ್ಯಾನ್ಸರ್ ಕೊನೆಯ ಹಂತದಲ್ಲಿತ್ತು, ಇನ್ನು ಶಾಕ್ ಬೇಡ ಅಂತ ಅವರೇ ಹೇಳಿದ್ದರು. ಐಸಿಡಿ ಕಂಪನಿಯವರು ಬಂದು ಅದನ್ನು ಆಫ್ ಮಾಡುವ ತನಕ ಪ್ಯಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸ್ ಮ್ಯಾಗ್ನೆಟ್ ಅಂಟಿಸಿಟ್ಟರು. ಇಂಥದ್ದೊಂದು ದಾರಿ ಇದೆ ಅಂತ ಮನೆಯವರಿಗೂ ತಿಳಿಸಿ, ಪ್ಲೀಸ್.

ಎಮರ್ಜೆನ್ಸಿ ವೈದ್ಯೆ: ತುಂಬಾ ಮುಖ್ಯವಾದ ಮಾತು ಹೇಳಿದಿರಿ. ಪ್ರಶ್ನೆ ಕೇಳಿದವರಿಗೆ ಇನ್ನೊಂದು: ರೋಗಿಯನ್ನು ಬೇರೆ ಕಡೆ ಕಳಿಸುವಾಗ ಟೇಪ್ ಸಡಿಲವಾಗಿ ಮ್ಯಾಗ್ನೆಟ್ ಜಾರಿದರೆ ಆಂಬ್ಯುಲೆನ್ಸ್‌ನಲ್ಲೇ ಮತ್ತೆ ಶಾಕ್ ಶುರುವಾಗುತ್ತದೆ. ಮಾನಿಟರ್ ಮತ್ತು ಡಿಫಿಬ್ ಜೊತೆಗೇ ಹೋಗಲಿ. ಮ್ಯಾಗ್ನೆಟ್ ಇಟ್ಟಿದ್ದೇವೆ ಅಂತ ರೆಫರಲ್ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.