ರಿವಾಲ್ವರ್ ಪ್ರತಿಕೃತಿಯ ಮರದ ಹಿಡಿಗೆ ಕೊಬ್ಬರಿ ಎಣ್ಣೆ ಹಚ್ಚಿಬಿಟ್ಟಿದ್ದೇನೆ, ಸರಿಪಡಿಸುವುದು ಹೇಗೆ?

ಪ್ರಶ್ನೆ:
ನಾನು ಹ್ಯೂಸ್ಟನ್‌ನಲ್ಲಿದ್ದೇನೆ. ಇಟಲಿಯ ಪಿಯೆಟ್ಟಾ ಕಂಪನಿ ತಯಾರಿಸಿದ, 1851ರ ಕೋಲ್ಟ್ ನೇವಿ ಮಾದರಿಯ ಪ್ರತಿಕೃತಿಯೊಂದು ನನ್ನ ಬಳಿ ಇದೆ. ವಾಲ್‌ನಟ್ ಹಿಡಿಯ ಮೇಲಿದ್ದ ಹೊಳೆಯುವ ವಾರ್ನಿಷ್ ಹಿಡಿಸದೆ ಅದನ್ನು ಉಜ್ಜಿ ತೆಗೆದು, ಊರಿನ ಮನೆಯ ಕಂಬಗಳಿಗೆ ಅಜ್ಜಿ ಮಾಡುತ್ತಿದ್ದಂತೆ ಕೊಬ್ಬರಿ ಎಣ್ಣೆ ಸವರಿದೆ. ಎರಡು ವಾರವಾದರೂ ಹಿಡಿ ಜಿಡ್ಡುಜಿಡ್ಡಾಗಿಯೇ ಇದ್ದು, ಹಿತ್ತಾಳೆಯ ಪಟ್ಟಿಗೆ ತಾಗುವ ಅಂಚು ಕಪ್ಪಾಗತೊಡಗಿದೆ. ದಾರಿ ತಿಳಿಸುವಿರಾ?

ಉತ್ತರ 1:
ಕೊಬ್ಬರಿ ಎಣ್ಣೆ ಎಷ್ಟು ದಿನ ಬಿಟ್ಟರೂ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಎಸಿ ಕೋಣೆಯಲ್ಲಿ ಹೆಪ್ಪುಗಟ್ಟಿ, ಅಂಗೈಯ ಬಿಸಿಗೆ ಮತ್ತೆ ಜಿನುಗುತ್ತದೆ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ಪದರವಾಗುವುದು ಅಗಸೆ ಎಣ್ಣೆ, ಟಂಗ್ ಎಣ್ಣೆಯಂಥವು (ಟಂಗ್ ಎಂಬ ಮರದ ಬೀಜದಿಂದ ತೆಗೆದದ್ದು) ಮಾತ್ರ.

ಮೊದಲು ಹಿಡಿಯನ್ನು ಬಿಚ್ಚಿಕೊಳ್ಳಿ. ಸುತ್ತಿಗೆಯ (ಗುಂಡು ಹಾರಿಸಲು ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಭಾಗ) ಎರಡೂ ಬದಿಯಲ್ಲಿರುವ ಎರಡು ತಿರುಪು, ಹಿಡಿಯ ಬುಡದಲ್ಲಿರುವ ಒಂದು ತಿರುಪು, ಇಷ್ಟನ್ನು ತೆಗೆದರೆ ಹಿಡಿಯ ಹಿಂಬದಿಯ ಹಿತ್ತಾಳೆ ಬೆನ್ನುಪಟ್ಟಿಯೂ ಮರವೂ ಒಟ್ಟಿಗೆ ಹಿಂದಕ್ಕೆ ಜಾರುತ್ತವೆ. ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮರಕ್ಕೆ ಬಳಿದು, ಒಣಗಿದ ಮೇಲೆ ಉದುರಿಸಿ. ಒಳಗಿನ ಜಿಡ್ಡನ್ನು ಪುಡಿ ಹೀರಿಕೊಳ್ಳುತ್ತದೆ. ಎರಡು ಮೂರು ಬಾರಿ ಮಾಡಬೇಕಾಗಬಹುದು. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರವಿರಬಾರದು.

ಮತ್ತೆ ಉಜ್ಜುವಾಗ ಮಾತ್ರ ಮರವನ್ನು ಪಟ್ಟಿಗೆ ಕೂಡಿಸಿ, ಹಿತ್ತಾಳೆಗೆ ಟೇಪ್ ಅಂಟಿಸಿಕೊಂಡೇ ಉಜ್ಜಿ. ಬಿಡಿಯಾಗಿ ಉಜ್ಜಿದರೆ ಅಂಚುಗಳು ದುಂಡಾಗಿ, ಲೋಹ ಎದ್ದು ನಿಲ್ಲುತ್ತದೆ. ನನ್ನ ಮೊದಲ ಹಿಡಿಯನ್ನು ನಾನು ಕೆಡಿಸಿಕೊಂಡದ್ದು ಹೀಗೆಯೇ. 220ರ ಮರಳು ಕಾಗದದ ನಂತರ ಒದ್ದೆ ಬಟ್ಟೆಯಿಂದೊಮ್ಮೆ ಒರೆಸಿ, ಎದ್ದ ನಾರು ಒಣಗಿದ ಮೇಲೆ 400ರಿಂದ ನಯಮಾಡಿ.

ಆಮೇಲೆ ಅಂಗಡಿಯಲ್ಲಿ 'ಬೇಯಿಸಿದ' (boiled) ಎಂಬ ಹೆಸರಿನಲ್ಲಿ ಸಿಗುವ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಕಾಲು ಗಂಟೆಯಲ್ಲಿ ಹೆಚ್ಚಾದುದನ್ನು ಒರೆಸಿ, ದಿನಕ್ಕೊಂದರಂತೆ ನಾಲ್ಕೈದು ಪದರ ಕೊಡಿ. ಚಟ್ನಿಪುಡಿಯ ಅಗಸೆಯಿಂದ ತೆಗೆದ ಅಡುಗೆ ಎಣ್ಣೆಯೂ ಒಣಗುತ್ತದೆ, ಆದರೆ ಬೇಗ ಒಣಗಿಸುವ ರಾಸಾಯನಿಕಗಳನ್ನು ಬೆರೆಸದ ಕಾರಣ ವಾರಗಟ್ಟಲೆ ಕಾಯಬೇಕಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸಿ.

ಉತ್ತರ 2:
ಹ್ಯೂಸ್ಟನ್ನಿನ ತೇವಕ್ಕೆ ನಾನಾದರೆ ಟಂಗ್ ಎಣ್ಣೆಯನ್ನೇ ಆರಿಸುವೆ, ಅಗಸೆ ಎಣ್ಣೆ ನೀರನ್ನು ಅಷ್ಟಾಗಿ ತಡೆಯದು. ಯಾವುದನ್ನು ಹಚ್ಚಿದರೂ ಮರದ ಒಳಗಾಲುವೆಗೂ ಕಬ್ಬಿಣಕ್ಕೆ ತಾಗುವ ಮೇಲ್ತುದಿಗೂ ತಪ್ಪದೆ ಹಚ್ಚಿ, ಏಕೆಂದರೆ ಬಂದೂಕಿನ ಎಣ್ಣೆಯೂ ಕರಿಮದ್ದು ತೊಳೆದ ಸಾಬೂನು ನೀರೂ ಒಳಸೇರುವುದು ಅಲ್ಲಿಂದಲೇ. ತೊಳೆಯುವ ಮುನ್ನ ಹಿಡಿಯನ್ನು ತೆಗೆದಿಡುವ ರೂಢಿ ಇನ್ನೂ ಒಳ್ಳೆಯದು.

ಅಂದಹಾಗೆ, ನೀವು ಉಜ್ಜಿ ತೆಗೆದ ಹೊಳಪು ತೀರಾ ಅಸಹಜವೇನಲ್ಲ. ಕೋಲ್ಟ್ ಕಂಪನಿ ಸಾರ್ವಜನಿಕರಿಗೆ ಮಾರುತ್ತಿದ್ದ ರಿವಾಲ್ವರುಗಳ ಹಿಡಿಗೆ ವಾರ್ನಿಷನ್ನೇ ಬಳಿಯುತ್ತಿತ್ತು. ಎಣ್ಣೆಯ ಮಂದ ಮೆರುಗು ಇದ್ದದ್ದು ಸೈನ್ಯಕ್ಕೆ ಕೊಟ್ಟವುಗಳಲ್ಲಿ.

ಪ್ರಶ್ನೆ ಕೇಳಿದವರು:
ಹಾಗಾದರೆ ನನ್ನದು ಸೈನ್ಯದ ಮಾದರಿಯೆಂದೇ ಇರಲಿ. ಸೀಮೆಸುಣ್ಣದ ಮೊದಲ ಲೇಪ ಹಳದಿಯಾಗಿ ಉದುರಿತು, ಎರಡನೆಯದನ್ನು ಈಗಷ್ಟೇ ಬಳಿದಿದ್ದೇನೆ. ಟಂಗ್ ಎಣ್ಣೆಯನ್ನು ತರಿಸುತ್ತೇನೆ.